ಅಕ್ಕಿಕಾಳಿನ ಹೊತ್ತಿನ ಸದ್ದು

ನಮ್ಮೂರಿನಲ್ಲಿ ಒಂದು ವಸ್ತುವನ್ನು ಮಾಡಿದವನು ಸತ್ತರೆ ಆ ವಸ್ತುವಿನ ಸದ್ದೂ ಅವನ ಜೊತೆಗೇ ಹೋಗುತ್ತದೆ. ಕುಂಬಾರ ಸತ್ತ ದಿನ ಅವನು ಮಾಡಿದ ಗಡಿಗೆಗಳೆಲ್ಲ ಮೂಕವಾಗುತ್ತವೆ, ಬಿದ್ದು ಒಡೆದರೂ ಪಕ್ಕದಲ್ಲಿದ್ದವರಿಗೆ ಗೊತ್ತಾಗುವುದಿಲ್ಲ. ಕಂಚುಗಾರ ಸತ್ತರೆ ಗುಡಿಯ ಗಂಟೆ ಎಷ್ಟು ಎಳೆದರೂ ಸುಮ್ಮನೆ ತೂಗಾಡುತ್ತದೆ. ಹೊರಗಿನಿಂದ ಕೊಂಡು ತಂದ ಸಾಮಾನಿಗೂ ಇದೇ ಪಾಡು. ಒಲೆಯ ಮೇಲಿನ ಕುಕ್ಕರು ಕೂಗದೆ ಬರೀ ಉಗಿ ಬಿಟ್ಟಿತೆಂದರೆ ನಮ್ಮ ಹೆಂಗಸರು, ಯಾವ ಊರಲ್ಲೋ ಯಾರೋ ಹೋದರು ಪಾಪ ಎಂದು ಒಂದು ಗಳಿಗೆ ಕೈಮುಗಿದು, ಬೇಳೆ ಬೆಂದಿದೆಯೋ ಇಲ್ಲವೋ ಎಂದು ಸೌಟು ಹಿಡಿದು ನೋಡಲು ಹೋಗುತ್ತಾರೆ.

ಇಂಥ ಊರು ಮಾಡುವ ಕೈಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು ಎಂದು ನೀವು ಅಂದುಕೊಂಡಿರಬಹುದು. ಹಾಗೆ ಅಂದುಕೊಂಡಿದ್ದರೆ ನಮ್ಮವರನ್ನು ನೀವು ಬಲ್ಲವರಲ್ಲ. ಕಮ್ಮಾರನಿಗೆ ಜ್ವರ ಬಂತೆಂದು ಕಿವಿಗೆ ಬಿದ್ದ ಕೂಡಲೇ ಡಾಕ್ಟರನ್ನು ಕರೆಯುವುದಿಲ್ಲ, ಅವನು ಮಾಡಿದ ಸಾಮಾನನ್ನು ಸುದ್ದಿ ಗೊತ್ತಿಲ್ಲದ ನೆರೆಮನೆಯವರ ತಲೆಗೆ ಕಟ್ಟುತ್ತಾರೆ. ಸದ್ದು ಹೋದ ಮೇಲೆ ಸದ್ದಿನ ಓಣಿ ಇದ್ದೇ ಇದೆ. ಅಲ್ಲಿ ಸಾಲಾಗಿ ಅಂಗಡಿಗಳು. ಮೂಕವಾದ ಸಾಮಾನನ್ನು ಒಯ್ದರೆ ಅದರ ಅಡಿಗೆ ಬೆಂಕಿಪೊಟ್ಟಣದಷ್ಟು ಸ್ಪೀಕರ್ ಅಂಟಿಸಿ, ಒಳಗೆ ಹೊಸ ಸದ್ದು ತುಂಬಿ ಕೊಡುತ್ತಾರೆ. ಹಳೆಯ ಸದ್ದೇ ಬೇಕೆಂದು ಕೇಳುವವರು ಕಡಿಮೆ. ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರ ಹೆಂಡತಿ ಮಿಕ್ಸರಿಗೆ ವೀಣೆ ಹಾಕಿಸಿದಳು. ಅವರ ಮನೆಯಲ್ಲಿ ಚಟ್ನಿ ಅರೆಯುವಾಗ ಸಂಗೀತ ಕೇಳಬರುತ್ತದೆ. ಊರಿನ ಪುರಸಭೆಯ ಅಧ್ಯಕ್ಷ ಬಾಪುಗೌಡ ತನ್ನ ಮೋಟರ್ ಸೈಕಲ್ಲಿಗೆ ಹುಲಿಯ ಗರ್ಜನೆ ಹಾಕಿಸಿದ. ಗಾಡಿ ನಿಂತು, ಗೌಡ ಇಳಿದು, ಮನೆಯೊಳಗೆ ಹೋಗಿ ನೀರು ಕುಡಿದ ಮೇಲೂ ಬಾಗಿಲಲ್ಲಿ ಹುಲಿ ಸ್ವಲ್ಪ ಹೊತ್ತು ಗರ್ಜಿಸುತ್ತಿತ್ತು.

ನಾನು ಮುರಿಗೆಪ್ಪ. ಮದುವೆಗಳಲ್ಲಿ ಮಾನಪ್ಪ ಪತ್ತಾರರ ಪೆಟ್ಟಿಗೆ ನುಡಿಸುವುದು ನನ್ನ ಕೆಲಸವಾಗಿತ್ತು. ಮಾನಪ್ಪನವರದು ಬಂಗಾರದ ಕೆಲಸದ ಮನೆತನ, ಆದರೆ ಅವರು ಕೂತದ್ದು ರೇಡಿಯೋ ರಿಪೇರಿಗೆ. ಕೆಟ್ಟ ರೇಡಿಯೋಗಳ ಹೊಟ್ಟೆ ಬಗೆದು, ಹಳೆಯ ಹಾರ್ಮೋನಿಯಮ್ಮೊಂದರ ಕೀಲಿಮಣೆ ಕೂಡಿಸಿ, ಎಷ್ಟೋ ವರ್ಷ ತಿದ್ದಿ ತೀಡಿ ಆ ಪೆಟ್ಟಿಗೆ ಮಾಡಿದ್ದರು. ಪೇಟೆಯಲ್ಲಿ ಈಗ ಅಂಥದಕ್ಕೆ ಸಿಂಥಸೈಜರ್ ಅನ್ನುತ್ತಾರೆ. ನಮ್ಮೂರವರು ಪೆಟ್ಟಿಗೆ ಅಂದರು. ಅದರ ಸದ್ದನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ, ಆದರೂ ಹೇಳುತ್ತೇನೆ. ಮೊದಲು ಯಾರೋ ಮಾತಾಡಲೆಂದು ಉಸಿರೆಳೆದುಕೊಂಡ ಹಾಗೆ. ಆ ಉಸಿರಿನೊಳಗಿಂದ ಒಂದು ಗಂಟೆ. ಗಂಟೆಯ ಕೆಳಗೆ ಎರಡು ದನಿ, ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಹೊರಗೆ ಒಂದೇ ಎನ್ನಿಸಿ ಒಳಗೊಳಗೇ ತಿಕ್ಕಾಡುವ ದನಿಗಳು. ಆ ತಿಕ್ಕಾಟದಿಂದಲೇ ಇಡೀ ಸ್ವರ ಅಲೆ ಅಲೆಯಾಗಿ ನಡುಗುತ್ತಿತ್ತು.

ಮೊದಮೊದಲು ಊರು ಇದನ್ನು ಕತ್ತೆಯ ಕೂಗು ಅಂದಿತು. ಬಾಪುಗೌಡನ ಅಪ್ಪ ಅಧ್ಯಕ್ಷನಾಗಿದ್ದಾಗ ನೆಮ್ಮದಿಗೆ ಭಂಗ ಎಂದು ಮಾನಪ್ಪನವರ ಮನೆಯ ಕರೆಂಟು ತೆಗೆಸಿದ್ದ. ಆಮೇಲೆ ಯಾವುದೋ ಬಡವರ ಮದುವೆಗೆ ಬ್ಯಾಂಡಿನವರು ಬರದೆ, ವಧೂವರರ ತಲೆಗೆ ಅಕ್ಕಿಕಾಳು ಹಾಕುವ ಹೊತ್ತಿಗೆ ಈ ಪೆಟ್ಟಿಗೆಯನ್ನೇ ನುಡಿಸಿದರು. ಆ ಮದುಮಗಳು ವರ್ಷ ತುಂಬುವುದರೊಳಗೆ ಅವಳಿ ಗಂಡುಮಕ್ಕಳನ್ನು ಹೆತ್ತಳು. ನಮ್ಮೂರಿನ ಬುದ್ಧಿವಂತರಿಗೆ ಅಷ್ಟು ಸಾಕಾಯಿತು. ಅಂದಿನಿಂದ ಪೆಟ್ಟಿಗೆಯ ಸದ್ದು ಬೀಳದೆ ಅಕ್ಕಿಕಾಳು ಬಿದ್ದರೆ ಅದು ಮದುವೆಯೇ ಅಲ್ಲ ಎಂದಾಯಿತು. ಕತ್ತೆ ಅಂದವರೇ ಪೆಟ್ಟಿಗೆಗೆ ಅರಿಸಿನ ಕುಂಕುಮ ಹಚ್ಚಿ ಮೆರವಣಿಗೆಯಲ್ಲಿ ತಂದರು. ಮಾಡಿದ ಮನುಷ್ಯ ಮಾತ್ರ ಅದರ ಹಿಂದೆ ದೂಳು ತಿನ್ನುತ್ತ ನಡೆದು ಬಂದು, ಎಲ್ಲರದೂ ಆದ ಮೇಲೆ ಕಡೆಯ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಅದಕ್ಕೆ ಅವರು ಬೇಸರ ಪಟ್ಟದ್ದನ್ನು ನಾನು ಕಂಡಿಲ್ಲ. ಅವರ ಪರವಾಗಿ ಬೇಸರ ಪಡುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ, ಇನ್ನೂ ಬಿಟ್ಟಿಲ್ಲ.

ಬಾಪುಗೌಡನ ಒಬ್ಬಳೇ ಮಗಳು ಪ್ರಭಾವತಿಯ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಮೇಲಿನ ಪೇಟೆಯ ರಾಚಪ್ಪ ಸಾವುಕಾರರ ಮನೆಯವರು. ವರನ ಹೆಸರು ಹೇಳಬೇಕಾದಷ್ಟು ಕೆಲಸವನ್ನು ಅವನು ಈ ಕಥೆಯಲ್ಲಿ ಎಲ್ಲೂ ಮಾಡುವುದಿಲ್ಲ. ಮಾನಪ್ಪನವರು ಆಗ ಹಾಸಿಗೆ ಹಿಡಿದಿದ್ದರು, ಆದರೆ ಲಗ್ನ ಮುಂದೆ ಹಾಕಲು ಗೌಡನಿಗೆ ಮನಸ್ಸಿರಲಿಲ್ಲ. ಚಪ್ಪರದಲ್ಲಿ ಊರಿಗೆ ಊರೇ ನೆರೆದಿತ್ತು. ಮುಹೂರ್ತ ಬಂತು, ಲಗ್ನ ನಡೆಸುವ ಅಯ್ಯನವರು ಕೈ ಎತ್ತಿದರು, ನಾನು ಮಣೆಯ ಮೇಲೆ ಬೆರಳಿಟ್ಟೆ. ಉಸಿರು ಬಂತು, ಗಂಟೆ ಬಂತು, ಮೊದಲ ಸ್ವರ ಬಿಟ್ಟು ಎರಡನೆಯದಕ್ಕೆ ಹೋದೆ, ಅದು ಅರ್ಧ ತುಂಬುವುದರೊಳಗೆ ಏನೂ ಇಲ್ಲ. ಒತ್ತಿದೆ, ಮತ್ತೆ ಒತ್ತಿದೆ. ಕಟ್ಟಿಗೆಯ ಮಣೆ ಕೆಳಗೆ ಹೋಗಿ ಮೇಲೆ ಬರುತ್ತಿತ್ತು, ಅಷ್ಟೇ. ಚಪ್ಪರದಲ್ಲಿದ್ದವರಿಗೆ ಯಾರೂ ಹೇಳಬೇಕಾಗಲಿಲ್ಲ. ಮಾನಪ್ಪನವರು ಹೋದರೆಂದು ಎಲ್ಲರಿಗೂ ಒಟ್ಟಿಗೇ ಗೊತ್ತಾಯಿತು.

ಎತ್ತಿದ ಕೈಯಲ್ಲಿ ಅಕ್ಕಿ ಹಿಡಿದುಕೊಂಡು ಜನ ನಿಂತೇ ಇದ್ದರು. ಕೆಲವರು ಎಸೆದಿದ್ದರು, ಹೆಚ್ಚಿನವರು ಎಸೆದಿರಲಿಲ್ಲ. ಸತ್ತವರ ಬಗ್ಗೆ ಅಯ್ಯೋ ಎಂದ ಒಂದು ದನಿಯನ್ನೂ ನಾನು ಕೇಳಲಿಲ್ಲ. ಮದುವೆ ಆಯಿತೋ ಇಲ್ಲವೋ ಎಂಬ ವಾದ ಶುರುವಾಯಿತು. ಅಯ್ಯನವರು ಎರಡೂ ಕಡೆಯವರಿಗೆ ಸಮಾಧಾನವಾಗಲೆಂದು ಅರ್ಧ ಆಗಿದೆ ಎಂದರು. ಅರ್ಧ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಪದ್ಧತಿ ತಮ್ಮಲ್ಲಿಲ್ಲ ಎಂದು ರಾಚಪ್ಪ ಸಾವುಕಾರರು ಬಾಸಿಂಗ ಕಟ್ಟಿದ ಮಗನನ್ನು ಎಬ್ಬಿಸಿಕೊಂಡು ಹೊರಟರು. ಉಳಿದವರು ಊಟಕ್ಕೆ ಕೂತರು. ಅಡುಗೆ ಕೆಡಿಸಬಾರದಲ್ಲ.

ಆ ದಿನದಿಂದ ಪ್ರಭಾವತಿ ಅತ್ತ ಮಗಳೂ ಅಲ್ಲ, ಇತ್ತ ಹೆಂಡತಿಯೂ ಅಲ್ಲ ಎಂಬಂತಾದಳು. ಅವಳನ್ನು ಆರತಿಗೆ ಕರೆಯುವುದೋ ಬೇಡವೋ, ಅವಳು ಕಾಲುಂಗುರ ಹಾಕುವುದೋ ತೆಗೆಯುವುದೋ ಎಂದು ಓಣಿಯ ಹೆಂಗಸರು ನಲ್ಲಿಯ ಬಳಿ ತೀರ್ಪು ಕೊಡತೊಡಗಿದರು. ಕಡೆಗೆ ಸಾವುಕಾರರ ಮನೆಯಿಂದ ಮಾತು ಬಂತು. ಅದೇ ಸದ್ದನ್ನು ಹುಟ್ಟಿಸಿದರೆ, ನಿಂತಲ್ಲಿಂದ ಮುಂದುವರಿಸಿ ಉಳಿದ ಅಕ್ಕಿಕಾಳು ಹಾಕಬಹುದು. ಆದರೆ ಅದೇ ಆಗಬೇಕು. ಅದರ ಹಾಗಿನದು ನಡೆಯುವುದಿಲ್ಲ.

ಟೇಪು, ಸಿ.ಡಿ. ಎಂದೆಲ್ಲ ಹುಡುಕಿದರು. ಅವೂ ಮೂಕವಾಗಿದ್ದವು; ನಮ್ಮಲ್ಲಿ ಸತ್ತ ಸದ್ದು ಎಲ್ಲ ಕಡೆಯೂ ಒಟ್ಟಿಗೇ ಸಾಯುತ್ತದೆ. ಉಳಿದ ದಾರಿ ಒಂದೇ, ಮಾನಪ್ಪನವರ ಮಗಳು ಇಂದ್ರಾ. ಸದ್ದಿನ ಓಣಿಯಲ್ಲಿ ಎಲ್ಲಕ್ಕಿಂತ ಜೋರಾದ ಅಂಗಡಿ ಅವಳದು, ಎಲ್ಲಕ್ಕಿಂತ ಹರಿತವಾದ ನಾಲಿಗೆಯೂ ಅವಳದೇ. ತನ್ನಷ್ಟು ಕಿವಿಯುಳ್ಳವರು ಈ ಸೀಮೆಯಲ್ಲಿಲ್ಲ ಎಂದು ಅವಳು ಬಾಯಿಬಿಟ್ಟೇ ಹೇಳುತ್ತಿದ್ದಳು, ಅದು ನಿಜವೂ ಆಗಿತ್ತು. ಅಪ್ಪನಿಗೂ ಅವಳಿಗೂ ಅಷ್ಟಕ್ಕಷ್ಟೇ. ಕುಕ್ಕರಿಗೆ ಕೊಳಲು, ಗಾಡಿಗೆ ಹುಲಿ ಹಾಕುವ ಅವಳ ಕೆಲಸವನ್ನು ಅವರು ಹೆಣಕ್ಕೆ ಒಡವೆ ಹಾಕಿದ ಹಾಗೆ ಎನ್ನುತ್ತಿದ್ದರು. ಪೆಟ್ಟಿಗೆಯನ್ನು ಒಂದು ದಿನವೂ ಅವಳ ಕೈಗೆ ಕೊಟ್ಟವರಲ್ಲ.

ಗೌಡ ಅವಳ ಅಂಗಡಿಗೆ ಬಂದಾಗ ನಾನಲ್ಲೇ ಇದ್ದೆ. ಪೆಟ್ಟಿಗೆ ಮೂಕವಾದ ಮೇಲೆ ನನಗೆ ಹೋಗಲು ಬೇರೆ ಜಾಗವಿರಲಿಲ್ಲ. ಗೌಡ ಕುರ್ಚಿಯಲ್ಲಿ ಕೂತು, ಟವೆಲಿನಿಂದ ಮುಖ ಒರೆಸಿಕೊಂಡು, ಬಂದ ಕೆಲಸ ಹೇಳುವುದಕ್ಕೆ ಮೊದಲು ಒಂದು ನಿಟ್ಟುಸಿರು ಬಿಟ್ಟ.

"ನಿಮ್ಮಪ್ಪ ಇನ್ನೊಂದ್ ಸ್ವಲ್ಪ ಹೊತ್ತು ತಡಕೋಬೇಕಿತ್ತು, ತಂಗಿ" ಎಂದ.

ಇಂದ್ರಾ ಕೈಯಲ್ಲಿದ್ದ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟಳು. "ಹೌದ್ರಿ ಗೌಡ್ರ. ಸಾಯೋದಕ್ಕೂ ಪುರಸಭೆಯ ಪರವಾನಗಿ ತಗೋಬೇಕಿತ್ತು. ಅವ್ರಿಗೆ ತಿಳೀಲಿಲ್ಲ."

ಗೌಡನಿಗೆ ಅದು ತಮಾಷೆ ಎಂದು ತೋರಿತೋ ಏನೋ, ನಕ್ಕ. ಸದ್ದು ಕಟ್ಟಿಕೊಡಲು ಅವಳು ಒಪ್ಪಿಕೊಂಡಳು. ಗೌಡನ ಮೇಲಿನ ಮರುಕದಿಂದಲ್ಲ. ಅವನು ಹೋದ ಮೇಲೆ ನನಗೆ ಹೇಳಿದಳು: ಅಪ್ಪ ಬದುಕಿದ್ದಾಗ ಆ ಸದ್ದಿನ ಒಳಗೆ ಹೋಗಲು ಅವಳನ್ನು ಬಿಡಲಿಲ್ಲ, ಈಗ ಯಾರು ತಡೆಯುತ್ತಾರೆ ನೋಡೋಣ.

ಮೊದಲು ಮೂಕ ಪೆಟ್ಟಿಗೆಯನ್ನೇ ಬಿಚ್ಚಿದಳು. ಒಳಗೆ ತಂತಿಗಳ ಪೊದೆ. ಎಲ್ಲಿಂದ ಹೊರಟದ್ದು ಎಲ್ಲಿಗೆ ಹೋಗಿ ಸೇರುತ್ತದೋ ಹಿಡಿಯಲಾಗದು, ಸದ್ದೇ ಇಲ್ಲವಾದ್ದರಿಂದ ಯಾವ ಭಾಗ ಏನು ಮಾಡುತ್ತಿತ್ತೆಂದು ಮುಟ್ಟಿ ನೋಡಿ ತಿಳಿಯುವ ದಾರಿಯೂ ಇಲ್ಲ. ಅದನ್ನು ಮುಚ್ಚಿ ಮೂಲೆಗಿಟ್ಟು, ತನ್ನದೇ ಯಂತ್ರದ ಮುಂದೆ ಕೂತಳು. ಕಿವಿಯಿಂದಲೇ ಕಟ್ಟಬೇಕಿತ್ತು. ನನ್ನನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಹಾಕುತ್ತಿದ್ದಳು. ನಾನು ಬರೀ ಬೆರಳಿನವನು. ಹೀಗಿತ್ತು, ಹಾಗಿತ್ತು ಎಂದು ಕೈ ತಿರುಗಿಸುವುದು ಬಿಟ್ಟರೆ ಹೆಚ್ಚು ಹೇಳಲು ಬರುತ್ತಿರಲಿಲ್ಲ. ಆಗ ಅವಳು ಗೌಡನಿಗೆ ಹೇಳಿ ಕಳಿಸಿದಳು: ಅಂದು ಸ್ಪೀಕರಿನ ಕೆಳಗೆ ತಲೆ ಬಾಗಿಸಿ ಕೂತಿದ್ದವಳು ನಿಮ್ಮ ಮಗಳು, ಅವಳನ್ನು ಕಳಿಸಿರಿ.

ಪ್ರಭಾವತಿ ಮೊದಲ ದಿನ ಒಬ್ಬ ಮುದುಕಿಯ ಕಾವಲಿನಲ್ಲಿ ಬಂದಳು. ಮುದುಕಿ ಬಾಗಿಲ ಬಳಿ ಕೂತು ನಿದ್ದೆ ಹೋದಳು, ಮುಂದೆ ದಿನವೂ ಅದನ್ನೇ ಮಾಡಿದಳು. ಪ್ರಭಾವತಿ ಮಾತು ಕಡಿಮೆ. ಆದರೆ ಕೇಳಿದ್ದಕ್ಕೆ ಅವಳು ಕೊಡುತ್ತಿದ್ದ ಉತ್ತರ ಇಂದ್ರಾಗೆ ಹಿಡಿಸಿತು. ಗಂಟೆ ಹೇಗಿತ್ತು ಎಂದರೆ ಚೆನ್ನಾಗಿತ್ತು ಎನ್ನುತ್ತಿರಲಿಲ್ಲ. ಒದ್ದೆ ಕೈಯಿಂದ ಹಿತ್ತಾಳೆಯ ತಟ್ಟೆಯನ್ನು ಮುಟ್ಟಿದ ಹಾಗೆ, ಬಡಿದ ಹಾಗಲ್ಲ, ಎಂದಳು. ಇಂದ್ರಾ ಎರಡು ಸ್ವರಗಳನ್ನು ಒಂದರಿಂದ ಒಂದನ್ನು ಗುಣಿಸಿ ಗಂಟೆ ಹುಟ್ಟಿಸಿದಳು, ಅದರ ಮೊದಲ ಏಟನ್ನು ಮೊಂಡು ಮಾಡಿ ಹಿತ್ತಾಳೆಯ ತಟ್ಟೆಗೆ ತಂದಳು. ಉಸಿರಿಗೆಂದು ಬರೀ ಶಿಸ್ಸೆನ್ನುವ ಗದ್ದಲವನ್ನು ತೆಗೆದುಕೊಂಡು, ಅದರ ಕೀಚಲನ್ನೂ ಗುಮ್ಮೆನ್ನುವುದನ್ನೂ ಸೋಸಿ, ನಡುವಿನ ಒಂದು ಎಳೆಯನ್ನು ಉಳಿಸಿದಳು. ಅಣ್ಣತಮ್ಮಂದಿರ ದನಿಗೆ ಗರಗಸದ ಹಲ್ಲಿನಂಥ ಎರಡು ಅಲೆಗಳು, ಒಂದನ್ನು ಇನ್ನೊಂದಕ್ಕಿಂತ ಎಳ್ಳಷ್ಟು ಏರಿಸಿ. ಆ ಎಳ್ಳು ಎಷ್ಟು ಎಂಬುದಕ್ಕೇ ದಿನಗಳು ಹಿಡಿದವು. ಹೆಚ್ಚಾದರೆ ಜಗಳ ಕೇಳಿಸುತ್ತದೆ, ಕಡಿಮೆಯಾದರೆ ಹೆಣದ ಹಾಗೆ ಬಿದ್ದಿರುತ್ತದೆ ಎನ್ನುತ್ತ ಒಂದೊಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದಳು.

ನಡುನಡುವೆ ಕಮಿಟಿ ಬರುತ್ತಿತ್ತು. ಕಮಿಟಿ ಇಲ್ಲದೆ ನಮ್ಮೂರಲ್ಲಿ ಸೊಳ್ಳೆಗೆ ಔಷಧಿಯನ್ನೂ ಹೊಡೆಯುವುದಿಲ್ಲ, ಇನ್ನು ಇದಕ್ಕೆ ಬಿಟ್ಟಾರೆಯೇ? ಒಬ್ಬ ಸದಸ್ಯ ಹಳೆಯ ಸದ್ದಿನಲ್ಲಿ ಶಹನಾಯಿ ಇತ್ತೆಂದು ಆಣೆ ಇಟ್ಟು ಹೇಳಿದ. ಇನ್ನೊಬ್ಬನಿಗೆ ಆ ಸದ್ದು ಕೇಳಿದರೆ ತುಪ್ಪದ ವಾಸನೆ ಬರುತ್ತಿತ್ತಂತೆ, ಅದು ಇನ್ನೂ ಬಂದಿಲ್ಲವೆಂದು ಕೊರಗಿದ. ಹೆಡ್‌ಮಾಸ್ತರರು ಕಣ್ಣು ಮುಚ್ಚಿ, ತಲೆದೂಗಿ, ಎಲ್ಲ ಸರಿ, ಆದರೆ ಒಂದು ಮೌಲ್ಯ ಕಡಿಮೆಯಾಗಿದೆ ಎಂದರು. ಯಾವ ಮೌಲ್ಯ ಎಂದು ಇಂದ್ರಾ ಕೇಳಿದ್ದಕ್ಕೆ ಗಡಿಯಾರ ನೋಡಿಕೊಂಡು ಎದ್ದರು. ಗೌಡನಂತೂ ಸದ್ದಿನ ಕೊನೆಯಲ್ಲಿ ಎಲ್ಲಾದರೂ ಪುರಸಭೆಯ ಹೆಸರು ಬರುವ ಹಾಗೆ ಮಾಡಲಾಗುತ್ತದೆಯೇ ಎಂದು ಕೇಳಿದ. ಅವರು ಹೋದ ಮೇಲೆ ಇಂದ್ರಾ ಕಿಟಕಿ ತೆರೆದಿಟ್ಟಳು, ಕೋಣೆಗೆ ಗಾಳಿ ಬರಲೆಂದು.

ಉಸಿರು ಸರಿ ಹೋಯಿತು, ಗಂಟೆ ಸರಿ ಹೋಯಿತು, ನಡುಕವೂ ಸರಿ ಹೋಯಿತು. ನನಗೆ ಮುಗಿಯಿತು ಎನ್ನಿಸಿತು. ಇಂದ್ರಾಗೂ ಹಾಗೇ ಅನ್ನಿಸಿತ್ತು, ಆದರೆ ಅವಳು ಪ್ರಭಾವತಿಯ ಮುಖ ನೋಡಿದಳು. ಪ್ರಭಾವತಿ ಇನ್ನೊಮ್ಮೆ ನುಡಿಸಿರಿ ಎಂದಳು. ನುಡಿಸಿದೆ. ಬೆರಳು ಎತ್ತಿದ ಮೇಲೂ ಅವಳು ಕೇಳುತ್ತಲೇ ಇದ್ದಳು.

"ಇದು ಸುಮ್ಮ ಹೋಗತೈತ್ರಿ" ಎಂದಳು. "ಅದು ಹಂಗ ಹೋಗ್ತಿರಲಿಲ್ಲ. ಕೊನಿಗೆ ಕೆಳಗ ಕುಂದರ್ತಿತ್ತು. ದಣಿದ ಮನಿಷ್ಯಾ ಗ್ವಾಡಿಗೆ ಒರಗಿ ಕುಂದರತಾನಲ್ಲ, ಹಂಗ."

ಇಷ್ಟು ವರ್ಷ ನುಡಿಸಿದ ನನಗೆ ಅದು ತಿಳಿದಿರಲಿಲ್ಲ. ಬೆರಳು ಎತ್ತುವಷ್ಟರಲ್ಲಿ ನನ್ನ ಗಮನ ಮುಂದಿನ ಸ್ವರಕ್ಕೆ ಹೋಗಿರುತ್ತಿತ್ತು. ಇಂದ್ರಾ ಯಂತ್ರದ ಕಡೆ ತಿರುಗಿದಳು. ಸ್ವರ ಸಾಯುವ ಗಳಿಗೆಯನ್ನು ಹಿಗ್ಗಿಸಿದಳು. ಬೆರಳು ಎತ್ತಿದ ಮೇಲೆ ದನಿ ಮೆಲ್ಲಗೆ ಕೆಳಕ್ಕೆ ಜಾರಿ, ಅದರ ಹೊಳಪು ಒಂದೊಂದೇ ಪದರವಾಗಿ ಮುಚ್ಚಿಕೊಳ್ಳುವಂತೆ ಕೂಡಿಸಿದಳು. ಒಮ್ಮೆ ಬೇಗ ಕೂತಿತು, ಒಮ್ಮೆ ಕುಸಿದು ಬಿದ್ದಿತು. ಮೂವರೂ ಊಟದ ಹೊತ್ತನ್ನು ಮರೆತೆವು. ಕಡೆಗೆ ಅವಳು ಕೈ ತೆಗೆದು ನನಗೆ ಕಣ್ಸನ್ನೆ ಮಾಡಿದಳು. ನಾನು ಒತ್ತಿದೆ, ಎತ್ತಿದೆ. ಆ ಸದ್ದು ಬಂತು, ನಿಂತಿತು, ನಡುಗಿತು, ಆಮೇಲೆ ಗೋಡೆಗೆ ಒರಗಿ ಕೂತಿತು.

ಅಪ್ಪ ಸತ್ತ ದಿನವೂ ಅಳದಿದ್ದ ಇಂದ್ರಾ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಸೆರಗಿನಿಂದ ಒರೆಸಿಕೊಳ್ಳುತ್ತ ಪ್ರಭಾವತಿಯನ್ನು ನೋಡಿದಳು. ಆ ಹುಡುಗಿ ಸಂತೋಷದಲ್ಲಿರಲಿಲ್ಲ. ತನ್ನ ಕಾಲುಂಗುರವನ್ನು ತಿರುಗಿಸುತ್ತ ಕೂತಿದ್ದಳು. ಆಗ ನನಗೂ ಹೊಳೆಯಿತು. ದಿನವೂ ಅಂಗಡಿಗೆ ಬಂದು ಒಂದೊಂದು ನಿಜ ಹೇಳುತ್ತ, ಅವಳು ಒಂದೊಂದೇ ಹೆಜ್ಜೆ ಸಾವುಕಾರರ ಮನೆಯ ಕಡೆಗೆ ನಡೆದಿದ್ದಳು.

ಇಂದ್ರಾ ಅವಳ ಎದುರಿಗೆ ಕೂತು ಕೇಳಿದಳು: "ಅಲ್ಲಿಗೆ ಹೋಗೂದಕ್ಕ ನಿನಗ ಮನಸ್ಸೈತೇನು?"

ಈ ಪ್ರಶ್ನೆಯನ್ನು ಅವಳಿಗೆ ಅದುವರೆಗೆ ಒಬ್ಬರೂ ಕೇಳಿರಲಿಲ್ಲ. ಅದಕ್ಕೆ ಕಮಿಟಿ ಆಗಿರಲಿಲ್ಲ. ಪ್ರಭಾವತಿ ಬಾಗಿಲ ಬಳಿಯ ಮುದುಕಿಯ ಕಡೆ ಒಮ್ಮೆ ನೋಡಿ, ಇಲ್ಲ ಎಂದಳು. ಆ ಮನುಷ್ಯನನ್ನು ಅವಳು ಮದುವೆಗೆ ಮೊದಲು ಒಂದು ಸಲ ನೋಡಿದ್ದಳಂತೆ. ಅವನು ಅವಳ ಮುಖಕ್ಕಿಂತ ಹೆಚ್ಚು ಹೊತ್ತು ಅವರ ಮನೆಯ ಜಂತಿಗಳನ್ನು ನೋಡಿದನಂತೆ. ಅಕ್ಕಿಕಾಳಿನ ಹೊತ್ತಿಗೆ ಸದ್ದು ನಿಂತಾಗ ಚಪ್ಪರದಲ್ಲಿ ಎಲ್ಲರ ಮುಖ ಇಳಿದಿತ್ತು; ತನಗೆ ಮಾತ್ರ ಎದೆಯ ಮೇಲಿನ ಕಲ್ಲು ಯಾರೋ ಎತ್ತಿಟ್ಟ ಹಾಗೆ ಆಯಿತು ಎಂದಳು. ಮಾನಪ್ಪಜ್ಜ ಸತ್ತದ್ದಕ್ಕೆ ಸಂತೋಷಪಟ್ಟ ಪಾಪ ತನಗಿದೆ, ಅದನ್ನು ತೀರಿಸಬೇಕೆಂದೇ ಇಷ್ಟು ದಿನ ಬಂದೆ ಎಂದಳು.

ನಾನು ನನ್ನ ಬುದ್ಧಿಗೆ ತೋಚಿದ್ದನ್ನು ಹೇಳಿದೆ. ಸದ್ದನ್ನು ಒಂದಿಷ್ಟು ಕೆಡಿಸಿಬಿಡೋಣ, ಒಂದು ಶಹನಾಯಿ ಸೇರಿಸೋಣ, ಸಾವುಕಾರರು ಇದು ಅದಲ್ಲ ಎನ್ನುತ್ತಾರೆ, ಹುಡುಗಿ ಉಳಿಯುತ್ತಾಳೆ. ಇಂದ್ರಾ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. "ಆ ಮಂದಿ ಸಲುವಾಗಿ ನಮ್ಮಪ್ಪನ ಸದ್ದಿನ್ಯಾಗ ಕಸಾ ಹಾಕಂತೀ ಏನ ಮುರಿಗೆಪ್ಪಣ್ಣ?" ಎಂದಳು. ಆಶ್ಚರ್ಯವೆಂದರೆ ಪ್ರಭಾವತಿಯೂ ಬೇಡವೆಂದಳು. ಅದು ಇದ್ದ ಹಾಗೇ ಇರಲಿ, ನನ್ನದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಮುದುಕಿಯನ್ನು ಎಬ್ಬಿಸಿಕೊಂಡು ಹೋದಳು.

ನಿಂತ ಮದುವೆಯನ್ನು ಮುಂದುವರಿಸುವ ದಿನ ಅದೇ ಜಾಗದಲ್ಲಿ ಅದೇ ಚಪ್ಪರ ಹಾಕಿದರು. ಹಿಂದಿನ ಸಲ ಉಂಡವರೆಲ್ಲ ಈ ಸಲವೂ ಬಂದಿದ್ದರು. ವರನಿಗೆ ಮತ್ತೆ ಬಾಸಿಂಗ ಕಟ್ಟಿ ತಂದಿದ್ದರು. ಈ ನಡುವೆ ಅವನು ಸ್ವಲ್ಪ ದಪ್ಪಗಾಗಿದ್ದ. ಮಾನಪ್ಪನವರ ಪೆಟ್ಟಿಗೆಯ ಕವಚದೊಳಗೆ ಇಂದ್ರಾ ತನ್ನ ಯಂತ್ರವನ್ನು ಕೂರಿಸಿಕೊಟ್ಟಿದ್ದಳು. ಅವಳು ಚಪ್ಪರದ ಕಂಬಕ್ಕೆ ಒರಗಿ, ಕೈ ಕಟ್ಟಿಕೊಂಡು ನಿಂತಳು. ಅಕ್ಕಿ ಹಂಚುವ ಮೊದಲು ಒಮ್ಮೆ ಪರೀಕ್ಷೆ ಆಗಲಿ ಎಂದರು. ನಾನು ಒಂದೇ ಒಂದು ಸ್ವರ ನುಡಿಸಿ ಬಿಟ್ಟೆ.

ಸಂದೇಹಕ್ಕೆ ಎಲ್ಲೂ ಎಡೆಯಿರಲಿಲ್ಲ ಎಂದು ನಾನು ತಿಳಿದಿದ್ದೆ. ಅಷ್ಟರಲ್ಲಿ ರಾಚಪ್ಪ ಸಾವುಕಾರರು ಗಂಟಲು ಸರಿಮಾಡಿಕೊಂಡು, ಇದು ಅದಲ್ಲ ಎಂದರು. ಹಳೆಯದು ಇನ್ನೂ ಸಿಹಿಯಾಗಿತ್ತು, ಇನ್ನೂ ದೊಡ್ಡದಿತ್ತು. ಅವರ ಹೆಂಡತಿ ಅದರಲ್ಲಿ ಕೊಳಲಿತ್ತು ಎಂದಳು. ಇದೇ ಅದು ಎಂದು ಗೌಡ ಎದ್ದು ನಿಂತ; ಅವನೂ ಗೊತ್ತಿದ್ದು ಹೇಳಿದ್ದಲ್ಲ, ಮಗಳನ್ನು ಸಾಗಿಸುವ ಅವಸರ ಹಾಗೆ ಹೇಳಿಸಿತು. ಹೆಣ್ಣಿನ ಕಡೆಯವರಿಗೆಲ್ಲ ಅದೇ ಕೇಳಿಸಿತು, ಗಂಡಿನ ಕಡೆಯವರಿಗೆಲ್ಲ ಬೇರೆಯದು ಕೇಳಿಸಿತು. ಇಷ್ಟು ಕಿವಿಗಳು ಒಂದೆಡೆ ಸೇರಿ ಒಂದು ಸ್ವರವನ್ನೂ ಕೇಳಿಸಿಕೊಳ್ಳದೆ ಇರಬಲ್ಲವು ಎಂಬುದನ್ನು ನಾನು ಅಂದು ಕಂಡೆ. ವಾದ ಕೈಕೈ ಮಿಲಾಯಿಸುವ ಹಂತಕ್ಕೆ ಬಂದಾಗ ಅಯ್ಯನವರು, ಸದ್ದು ಯಾರ ತಲೆಯ ಮೇಲೆ ಬಿದ್ದಿತ್ತೋ ಅವಳನ್ನೇ ಕೇಳೋಣ, ಅವಳ ಮಾತೇ ಕೊನೆ ಎಂದರು. ಎರಡೂ ಕಡೆಯವರು ಒಪ್ಪಿದರು. ಹುಡುಗಿ ಏನು ಹೇಳಬೇಕೋ ಅದನ್ನೇ ಹೇಳುತ್ತಾಳೆಂದು ಗೌಡನಿಗೆ ಧೈರ್ಯವಿತ್ತು.

ಅಲ್ಲ ಎಂಬ ಒಂದು ಮಾತು ಅವಳು ಅಂದರೆ ಸಾಕಿತ್ತು. ಅಷ್ಟು ಸುಲಭದ ಬಿಡುಗಡೆ. ನಾನು ಮನಸ್ಸಿನಲ್ಲೇ ಅನ್ನು ತಾಯಿ, ಅನ್ನು ಎಂದೆ. ಕಂಬದ ಬಳಿ ಇಂದ್ರಾ ಕಣ್ಣು ಕೆಳಗೆ ಹಾಕಿದ್ದಳು. ಆ ಒಂದು ಮಾತಿನಿಂದ ತನ್ನ ಕೆಲಸ ಮಣ್ಣಾಗುತ್ತದೆಂದು ಅವಳಿಗೆ ಗೊತ್ತಿತ್ತು, ಆ ಮಾತಿಗೆ ತಾನು ಎದುರಾಡಬಾರದೆಂದೂ ಗೊತ್ತಿತ್ತು.

"ಇದ ಅದು" ಎಂದಳು ಪ್ರಭಾವತಿ. "ಕೂದಲೆಳಿಯಷ್ಟೂ ಫರಕ ಇಲ್ಲ. ಮಾನಪ್ಪಜ್ಜ ಎದ್ದು ಬಂದು ಕೇಳಿದ್ರೂ ಹೌದಂತಾನ."

ಗೌಡ ಮೀಸೆ ತಿರುವಿದ. ಸಾವುಕಾರರು ಬೇರೆ ದಾರಿಯಿಲ್ಲದೆ ತಲೆ ಆಡಿಸಿ, ಅಕ್ಕಿ ಹಂಚಿರಿ ಎಂದರು. ಅಕ್ಕಿ ತುಂಬಿದ ಪರಾತಗಳು ಹೊರಟವು. ಅಷ್ಟರಲ್ಲಿ ಪ್ರಭಾವತಿ ಮಣೆಯಿಂದ ಎದ್ದಳು. ಅವಳ ಅವ್ವ ಹಿಂದಿನಿಂದ ಸೆರಗು ಹಿಡಿದು ಎಳೆದಳು. ಪ್ರಭಾವತಿ ತಿರುಗಿ ನೋಡಿದಳು, ಎಳೆಯಲಿಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಅವ್ವನೇ ಬೆರಳು ಸಡಿಲಿಸಿ ಸೆರಗು ಬಿಟ್ಟಳು.

"ಸದ್ದು ಖರೇ ಐತಿ. ಆದ್ರ ಮದುವಿ ಬ್ಯಾಡ" ಎಂದಳು ಹುಡುಗಿ. "ಅವತ್ತು ಸದ್ದು ನಿಂತತಿ ಅಂತ ಮದುವಿ ನಿಂತಿತ್ತು. ಇವತ್ತು ನಾ ಒಲ್ಲೆ ಅಂತೀನಿ, ಅದಕ್ಕ ನಿಂತತಿ. ಇನ್ನ ಯಾರೂ ತಪ್ಪ ಪೆಟ್ಟಗಿ ಮ್ಯಾಲೆ ಹಾಕಬ್ಯಾಡ್ರಿ."

ಮೆಟ್ಟಿಲಿಳಿದು, ಹಾಸಿದ ಜಮಖಾನದ ಮೇಲೆ ಜನರ ನಡುವಿನಿಂದಲೇ ನಡೆದು ಹೋದಳು. ಯಾರೂ ತಡೆಯಲಿಲ್ಲ. ನಮ್ಮವರಿಗೆ ಕಮಿಟಿ ಹೇಳದೆ ಕೈ ಏಳುವುದಿಲ್ಲ. ಇಂದ್ರಾ ಕಂಬ ಬಿಟ್ಟು ಅವಳ ಜೊತೆಗೂಡಿದಳು. ನಾನು ಏನು ಮಾಡಬೇಕೆಂದು ತಿಳಿಯದೆ ಇನ್ನೊಂದು ಸ್ವರ ನುಡಿಸಿದೆ. ಅವರಿಬ್ಬರೂ ಚಪ್ಪರ ದಾಟುವ ತನಕ ಅದು ಮೊಳಗುತ್ತಲೇ ಇತ್ತು. ವರ ತನ್ನ ಬಾಸಿಂಗ ಬಿಚ್ಚುವವರು ಯಾರೆಂದು ಆಚೀಚೆ ನೋಡುತ್ತಿದ್ದ. ಅಡುಗೆಯವನು ಬಂದು, ಎಲೆ ಹಾಕುವುದೋ ಹೇಗೆ ಎಂದು ಕೇಳಿದ. ಹಾಕಿದರು.

ಮುಂದಿನ ವಾರ ಪುರಸಭೆಯಲ್ಲಿ ನಿರ್ಣಯವಾಯಿತು. ಇಂದ್ರಾ ಮಾಡಿದ ಸದ್ದು ಅಪಶಕುನದ್ದು, ಮದುವೆಗಳಲ್ಲಿ ಅದನ್ನು ನುಡಿಸಕೂಡದು. ಓಣಿಯ ಇನ್ನೊಂದು ಅಂಗಡಿಯವನಿಂದ ಬೇರೆ ಸದ್ದು ಮಾಡಿಸಿದರು. ಅದರಲ್ಲಿ ಶಹನಾಯಿ ಇದೆ, ಕೊಳಲಿದೆ, ಹಿಂದೆ ಒಂದು ಹಿಂಡು ಪಿಟೀಲು ಇದೆ, ಬೆಲ್ಲದ ಪಾಕದ ಹಾಗೆ ಕಿವಿಗೆ ಅಂಟಿಕೊಳ್ಳುತ್ತದೆ. ಮೊದಲ ಸಲ ಅದನ್ನು ಕೇಳಿದ ದಿನ ರಾಚಪ್ಪ ಸಾವುಕಾರರು ಕಣ್ಣೊರೆಸಿಕೊಂಡು, ಥೇಟ್ ನಮ್ಮ ಮಾನಪ್ಪನದೇ ಎಂದರು. ಈಗ ಊರಿನ ಎಲ್ಲರೂ ಹಾಗೇ ಎನ್ನುತ್ತಾರೆ; ಕೆಲವರು ಮಾನಪ್ಪನವರ ಪಕ್ಕದಲ್ಲಿ ಕೂತು ಅದನ್ನು ತಾವೇ ಮಾಡಿಸಿದ್ದಾಗಿಯೂ ಹೇಳುತ್ತಾರೆ. ಮದುವೆಗಳಲ್ಲಿ ಅದನ್ನು ನುಡಿಸುವವನು ನಾನೇ. ಊರನ್ನು ಬೈದಷ್ಟು ಸುಲಭವಾಗಿ ಹೊಟ್ಟೆಯನ್ನು ಬೈಯಲು ಬರುವುದಿಲ್ಲ.

ಪ್ರಭಾವತಿಯನ್ನು ಗೌಡ ಮನೆಗೆ ಸೇರಿಸಲಿಲ್ಲ. ಅವಳ ಅವ್ವ ಹಬ್ಬ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹಿಂದಿನ ಓಣಿಯಿಂದ ಇಂದ್ರಾಳ ಅಂಗಡಿಗೆ ಬರುತ್ತಾಳೆ. ಹುಡುಗಿ ಅಲ್ಲೇ ಇದ್ದು ಕೆಲಸ ಕಲಿತಳು. ಇಂದ್ರಾ ಅವಳಿಗೆ ಬೈಯುವುದನ್ನು ಕೇಳಿದರೆ ಎಷ್ಟು ಚೆನ್ನಾಗಿ ಕಲಿಯುತ್ತಿದ್ದಾಳೆಂದು ತಿಳಿಯುತ್ತಿತ್ತು; ದಡ್ಡರ ಮೇಲೆ ಇಂದ್ರಾ ಅಷ್ಟು ಉಸಿರು ಹಾಳು ಮಾಡುವವಳಲ್ಲ.

ಮೊನ್ನೆ ಮಧ್ಯಾಹ್ನ ನಾನು ಹೋದಾಗ ಇಂದ್ರಾ ಮಾಳಿಗೆಯ ಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂತಿದ್ದಳು, ಮಾತಾಡಬೇಡ ಎಂದು ಕೈ ಮಾಡಿದಳು. ಪ್ರಭಾವತಿ ಯಂತ್ರದ ಮುಂದಿದ್ದಳು. ಒಂದು ಮಣೆ ಒತ್ತಿದಳು. ಬಂದ ಸದ್ದನ್ನು ಹಿಡಿಯಲು ನಾನು ನನ್ನ ತಲೆಯಲ್ಲಿದ್ದ ಸದ್ದುಗಳನ್ನೆಲ್ಲ ತಡಕಿದೆ. ಒಂದರ ಜೊತೆಗೂ ಅದು ಕೂಡಲಿಲ್ಲ. ಇದು ಯಾವುದರ ಹಾಗಿದೆಯೆಂದರೆ ಎಂದು ಬಾಯಿ ತೆರೆದೆ; ಯಾವುದರ ಹಾಗೂ ಇಲ್ಲ ಅನ್ನಿರಿ ಮುರಿಗೆಪ್ಪಣ್ಣ, ಅಷ್ಟೇ ಸಾಕು ಎಂದು ಪ್ರಭಾವತಿ ಇನ್ನೊಮ್ಮೆ ಒತ್ತಿದಳು. ಇಂದ್ರಾ ಅವಳನ್ನು ತಿದ್ದಲಿಲ್ಲ. ಬೈಯಲೂ ಇಲ್ಲ.

ಕೆಳಗೆ ಓಣಿಯಲ್ಲಿ ಹೋಗುತ್ತಿದ್ದ ಯಾರೋ ಸೈಕಲ್ ನಿಲ್ಲಿಸಿದ. ಮೇಲೆ ನೋಡುತ್ತ, ಯಾರು ತೀರಿಕೊಂಡರು, ಇದು ಯಾರ ಸದ್ದು ಎಂದು ಕೇಳಿದ.

ಪ್ರಭಾವತಿ ಎದ್ದು ಕಿಟಕಿಗೆ ಬಂದು ಕೆಳಗೆ ಬಗ್ಗಿದಳು.

"ಯಾರೂ ಸತ್ತಿಲ್ರಿ" ಎಂದಳು. "ಇದು ನಂದು."